ಉಸಿರೂ ನಾಡಿಯೂ

ಇರಕಲ್ಲಗಡ, ಕೊಪ್ಪಳಗಳ ಸೀಮೆಯು 1948ರ ವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ರಾಜಧಾನಿಯು ವೈದ್ಯಚರಿತ್ರೆಯಲ್ಲಿಯೂ ಹೆಸರಾದುದೆಂಬುದನ್ನು ಬಲ್ಲವರು ವಿರಳ. ಶಸ್ತ್ರಕ್ರಿಯೆಗಾಗಿ ಕ್ಲೋರೋಫಾರ್ಮು ಕೊಟ್ಟಾಗ ಕೆಲವರು ಸಾಯುತ್ತಿದ್ದುದರ ಕಾರಣವನ್ನರಸಲು ಅಲ್ಲಿ 1888ರಲ್ಲಿಯೂ 1889ರಲ್ಲಿಯೂ ಆಯೋಗಗಳು ಕುಳಿತವು. ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಧನಸಹಾಯವಿತ್ತರು. ಉಸಿರನ್ನು ಕಾಯ್ದರೆ ಸಾಕು, ನಾಡಿಯನ್ನು ನೋಡಬೇಕಾಗಿಲ್ಲವೆಂಬುದು ಅಲ್ಲಿಯ ವೈದ್ಯ ಎಡ್ವರ್ಡ್ ಲಾರಿಯವರ ಸಿದ್ಧಾಂತ. ಕ್ಲೋರೋಫಾರ್ಮು ಹೃದಯವನ್ನೇ ನಿಲ್ಲಿಸಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿಯವರು ತೋರಿಸಲು, ಆ ಸಿದ್ಧಾಂತವು ಬಿದ್ದಿತು. ಉಸಿರನ್ನು ಕಾಯಬೇಕೆಂಬ ಎಚ್ಚರವು ಮಾತ್ರ ಉಳಿಯಿತು.

ಎದೆಯ ಶಸ್ತ್ರಕ್ರಿಯೆಯಾದ ಮೇಲೆ ಈ ಎಚ್ಚರವು ಇಮ್ಮಡಿಯಾಗಿ ಬೇಕು. ಪಕ್ಕೆಲುಬುಗಳ ನಡುವಣ ಗಾಯವು ಪ್ರತಿಯೊಂದು ಉಸಿರಿಗೂ ಅಲುಗುತ್ತದೆ. ನೋವಿಗಂಜಿ ರೋಗಿಯು ಕೆಮ್ಮನು; ಕಫವು ಒಳಗೇ ನಿಂತು ಶ್ವಾಸಕೋಶವು ಕೆಡುವುದು. ಮಾರ್ಫಿನನ್ನು ಹೆಚ್ಚಾಗಿ ಕೊಟ್ಟರೆ ನೋವಿನೊಡನೆ ಉಸಿರೂ ಕುಗ್ಗುವುದು.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯು ಬೆನ್ನಿನಲ್ಲಿ ದೊರೆಯಿತು. ಬೆನ್ನುಹುರಿಯ ಗಟ್ಟಿಪೊರೆಯ ಹೊರಗಿನ ಎಡೆಯಲ್ಲಿ ಔಷಧವನ್ನಿಳಿಸಿ, ಬೇಕಾದ ಭಾಗವನ್ನಷ್ಟೇ ಮರಗಟ್ಟಿಸುವ ಕ್ರಮವನ್ನು ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಗೆಸರು 1921ರಲ್ಲಿ ಪ್ರಕಟಿಸಿದರು. ಇದೇ ಎಪಿಡ್ಯೂರಲ್. ಹವಾನಾದ ಕುರ್ಬೆಲೊ ಅವರು ಆ ಎಡೆಯಲ್ಲಿ ತೆಳುವಾದ ನಳಿಕೆಯನ್ನೇ ಇರಿಸಿ, ಮತ್ತೆ ಮತ್ತೆ ಚುಚ್ಚದೆ ಔಷಧವನ್ನು ಕೊಡುವ ಬಗೆಯನ್ನು 1949ರಲ್ಲಿ ವಿವರಿಸಿದರು. 1979ರಿಂದೀಚೆಗೆ ಅಲ್ಪಪ್ರಮಾಣದ ಮಾರ್ಫಿನೂ ಅದೇ ದಾರಿಯನ್ನು ಹಿಡಿಯಿತು. ಈಗ ಎದೆಯನ್ನು ಕೊಯ್ಸಿಕೊಂಡವನು ಎಚ್ಚತ್ತಿದ್ದೇ ಆಳವಾಗಿ ಉಸಿರೆಳೆದು, ಕೆಮ್ಮಿ, ಕಫವನ್ನು ಹೊರಹಾಕಬಲ್ಲನು.

ಆದರೆ ಈ ಔಷಧದಿಂದ ರಕ್ತದೊತ್ತಡವು ಇಳಿಯುವುದುಂಟು; ಮಾರ್ಫಿನು ಬೆರೆತಾಗ ಉಸಿರು ತಡವಾಗಿ ಕುಗ್ಗುವುದೂ ಉಂಟು. ಆದುದರಿಂದ ರೋಗಿಯ ಬಳಿಯಿರುವವರು ಎರಡನ್ನೂ ಕಾಯಬೇಕು. ಹೈದರಾಬಾದಿನ ವಾದವು ಬೇರ್ಪಡಿಸಿದ ಉಸಿರನ್ನೂ ನಾಡಿಯನ್ನೂ ಅನುಭವವು ಮರಳಿ ಒಂದುಗೂಡಿಸಿದೆ.