ಪಿಸಿಓಎಸ್ ಇರುವವರಲ್ಲಿ ಅಂಡೋತ್ಸರ್ಗದ ಪತ್ತೆ

ಅಂಡಾಶಯದಲ್ಲಿ ಬಲಿತ ಕೋಶಿಕೆಯೊಂದು, ಎಂದರೆ ಅಂಡಾಣುವನ್ನು ಒಳಗಿಟ್ಟುಕೊಂಡ ದ್ರವತುಂಬಿದ ಪುಟ್ಟ ಚೀಲವೊಂದು, ಒಡೆದು ಅಂಡಾಣುವನ್ನು ಹೊರಬಿಡುವ ಕ್ರಿಯೆಗೆ ಅಂಡೋತ್ಸರ್ಗ ಎಂದು ಹೆಸರು. ಗರ್ಭಧಾರಣೆ ಸಾಧ್ಯವಾಗುವುದು ಅಂಡೋತ್ಸರ್ಗದ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳಲ್ಲಿ ಮಾತ್ರವಾದ್ದರಿಂದ, ಮಗುವನ್ನು ಬಯಸುವ ದಂಪತಿಗಳಿಗೆ ಈ ಅವಧಿಯನ್ನು ಗುರುತಿಸುವುದು ಮುಖ್ಯವಾಗುತ್ತದೆ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಸಂಕ್ಷೇಪವಾಗಿ ಪಿಸಿಓಎಸ್, ಆಡುಮಾತಿನಲ್ಲಿ ಪಿಸಿಓಡಿ ಎನಿಸಿಕೊಂಡ ಸಮಸ್ಯೆ ಇರುವ ಅನೇಕರಲ್ಲಿ ಅಂಡೋತ್ಸರ್ಗ ತಡವಾಗಿ, ಅಪರೂಪವಾಗಿ ಆಗುತ್ತದೆ ಅಥವಾ ಕೆಲವು ಋತುಚಕ್ರಗಳಲ್ಲಿ ಆಗುವುದೇ ಇಲ್ಲ. ಹೀಗಾಗಿ ಇತರರಿಗೆ ನೆರವಾಗುವ ಪತ್ತೆಯ ವಿಧಾನಗಳು ಇವರಲ್ಲಿ ಒಂಟಿಯಾಗಿ ನಂಬಲರ್ಹವಾಗಿ ಉಳಿಯುವುದಿಲ್ಲ.

ಹಿನ್ನೆಲೆ: 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಪಿಸಿಓಎಸ್‌ನ ಲಕ್ಷಣಗಳನ್ನು ಒಟ್ಟಾಗಿ ವರ್ಣಿಸಿದರು. 2003ರಲ್ಲಿ ರೋಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಅನಿಯಮಿತ ಅಂಡೋತ್ಸರ್ಗ, ಪುರುಷ ಹಾರ್ಮೋನುಗಳ ಆಧಿಕ್ಯ, ಅಂಡಾಶಯದಲ್ಲಿ ಹಲವು ಸಣ್ಣ ಕೋಶಿಕೆಗಳು ಎಂಬ ಮೂರರಲ್ಲಿ ಎರಡಿದ್ದರೆ ಪಿಸಿಓಎಸ್ ಎಂದು ಗುರುತಿಸುವ ಮಾನದಂಡವನ್ನು ಕೊಟ್ಟರು. ಮುಂಬಯಿಯಲ್ಲಿ 15ರಿಂದ 24 ವಯಸ್ಸಿನವರ ನಡುವೆ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ಮಾನದಂಡದಂತೆ ಶೇ. 22.5ರಷ್ಟು, ಪುರುಷ ಹಾರ್ಮೋನಿನ ಆಧಿಕ್ಯವನ್ನು ಕಡ್ಡಾಯವಾಗಿಸುವ ಇನ್ನೊಂದು ಮಾನದಂಡದಂತೆ ಶೇ. 10.7ರಷ್ಟು ಮಂದಿಯಲ್ಲಿ ಪಿಸಿಓಎಸ್ ಕಂಡುಬಂತು. ಅಂಡಾಣು ಬಲಿಯುವ ಗಳಿಗೆಯನ್ನು ಹಿಡಿಯುವ ವಿದ್ಯೆಗೂ ಈ ನಗರದಲ್ಲಿ ಚರಿತ್ರೆಯಿದೆ: ಪರೇಲಿನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಟಿ. ಸಿ. ಆನಂದ ಕುಮಾರ್ ಮತ್ತು ಕೆಇಎಂ ಆಸ್ಪತ್ರೆಯ ಇಂದಿರಾ ಹಿಂದುಜಾ ಅವರ ಪ್ರಯತ್ನದಿಂದ 1986ರ ಆಗಸ್ಟ್ 6ರಂದು ಬಲಿತ ಅಂಡಾಣುವನ್ನು ಸಕಾಲಕ್ಕೆ ಹೊರತೆಗೆದು ದೇಹದ ಹೊರಗೆ ಫಲಿತಗೊಳಿಸಿ ಪಡೆದ ಪ್ರನಾಳ ಶಿಶುವೊಂದು ಜನಿಸಿತು.

ದಿನಗಳ ಎಣಿಕೆ: ಮುಟ್ಟಾದ ಹದಿನಾಲ್ಕನೆಯ ದಿನ ಅಂಡೋತ್ಸರ್ಗವಾಗುತ್ತದೆಂಬ ತಿಳಿವಳಿಕೆ 28 ದಿನಗಳ ಚಕ್ರಕ್ಕಷ್ಟೇ ಸರಿಸುಮಾರಾಗಿ ಹೊಂದುತ್ತದೆ. ಅಂಡೋತ್ಸರ್ಗದಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚು ಕಡಿಮೆ ಎರಡು ವಾರಗಳಷ್ಟೇ ಇದ್ದು, ಏರುಪೇರಾಗುವುದು ಅದಕ್ಕೆ ಮುಂಚಿನ ಅವಧಿ. ಆದ್ದರಿಂದ 45 ದಿನಗಳ ಚಕ್ರವಿರುವವರಲ್ಲಿ ಅಂಡೋತ್ಸರ್ಗ 31ನೆಯ ದಿನದ ಆಸುಪಾಸಿನಲ್ಲಿ ಆಗಿರಬಹುದು. ಹಿಂದಿನ ತಿಂಗಳುಗಳ ಸರಾಸರಿಯಿಂದ ದಿನ ಹೇಳುವ ಮೊಬೈಲ್ ಆ್ಯಪ್‌ಗಳು ಅನಿಯಮಿತ ಚಕ್ರದಲ್ಲಿ ತಪ್ಪುವುದಕ್ಕೆ ಇದೇ ಕಾರಣ.

ಮೂತ್ರ ಪರೀಕ್ಷೆಯ ಪಟ್ಟಿ: ಔಷಧಿ ಅಂಗಡಿಗಳಲ್ಲಿ ದೊರೆಯುವ ಓವ್ಯುಲೇಷನ್ ಕಿಟ್, ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಹೊಮ್ಮುವ ಎಲ್‌ಎಚ್ ಎಂಬ ಹಾರ್ಮೋನಿನ ಉಕ್ಕುವಿಕೆಯನ್ನು ಪತ್ತೆಹಚ್ಚುತ್ತದೆ; ಪಟ್ಟಿಯ ಮೇಲಿನ ಪರೀಕ್ಷಾ ಗೆರೆ ನಿಯಂತ್ರಣ ಗೆರೆಯಷ್ಟೇ ಗಾಢವಾದರೆ ಮುಂದಿನ 24ರಿಂದ 36 ಗಂಟೆಗಳಲ್ಲಿ ಅಂಡೋತ್ಸರ್ಗವಾಗಬಹುದೆಂದು ಅರ್ಥ. ಪಿಸಿಓಎಸ್ ಇರುವ ಅನೇಕರಲ್ಲಿ ಎಲ್‌ಎಚ್ ಮಟ್ಟ ಮೊದಲಿನಿಂದಲೇ ಹೆಚ್ಚಿರುವುದರಿಂದ ದಿನಗಟ್ಟಲೆ ಗಾಢ ಗೆರೆ ಕಾಣಿಸಬಹುದು, ಅಥವಾ ಹಾರ್ಮೋನು ಉಕ್ಕಿಯೂ ಕೋಶಿಕೆ ಒಡೆಯದಿರಬಹುದು.

ದೇಹದ ಉಷ್ಣತೆ ಮತ್ತು ಲೋಳೆ: ಬೆಳಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಟ್ಟು ಏಳುವ ಮೊದಲೇ ಅಳೆದ ಉಷ್ಣತೆ ಅಂಡೋತ್ಸರ್ಗದ ನಂತರ ಪ್ರೊಜೆಸ್ಟೆರೋನ್ ಹಾರ್ಮೋನಿನ ಪ್ರಭಾವದಿಂದ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ, ಮುಂದಿನ ಮುಟ್ಟಿನವರೆಗೂ ಏರಿಯೇ ಇರುತ್ತದೆ. ಈ ಏರಿಕೆ ಅಂಡೋತ್ಸರ್ಗ ಆಗಿಹೋದುದಕ್ಕೆ ಸಾಕ್ಷಿಯಾಗುವುದೇ ಹೊರತು ಮುನ್ಸೂಚನೆಯಾಗದು. ಮುಂಬಯಿಯ ಮಲಾಡ್ ಪಶ್ಚಿಮದ ಮೈಂಡ್‌ಸ್ಪೇಸ್‌ನಂಥ ಕಚೇರಿ ಸಂಕೀರ್ಣಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ, ನಿದ್ರೆಯ ಹೊತ್ತು ದಿನಕ್ಕೊಂದಾಗುವ ಕಾರಣ, ಈ ಅಳತೆ ಸುಲಭವಾಗಿ ಕೈಕೊಡುತ್ತದೆ. ಗರ್ಭಕಂಠದ ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳ ನಡುವೆ ಎಳೆಯೆಳೆಯಾಗಿ ಹಿಗ್ಗುವುದು ಮುನ್ಸೂಚನೆಯೇ ಆದರೂ, ಪಿಸಿಓಎಸ್‌ನಲ್ಲಿ ಅದು ಒಂದೇ ಚಕ್ರದಲ್ಲಿ ಹಲವು ಸಲ ಕಾಣಿಸಿಕೊಂಡು ಮರೆಯಾಗಬಹುದು.

ಸೋನೋಗ್ರಫಿ ಮತ್ತು ರಕ್ತಪರೀಕ್ಷೆ: ಕರ್ನಾಟಕದಲ್ಲಿ ಸ್ಕ್ಯಾನಿಂಗ್ ಎಂದೂ ಮುಂಬಯಿಯಲ್ಲಿ ಸೋನೋಗ್ರಫಿ ಎಂದೂ ಕರೆಯುವ ಪರೀಕ್ಷೆಯನ್ನು ಒಂದೆರಡು ದಿನ ಬಿಟ್ಟು ಬಿಟ್ಟು ಮಾಡಿ ಕೋಶಿಕೆಯ ಬೆಳವಣಿಗೆಯನ್ನು ಗಮನಿಸುವುದಕ್ಕೆ ಫಾಲಿಕ್ಯುಲರ್ ಸ್ಟಡಿ ಎನ್ನುತ್ತಾರೆ. ವರದಿಯ ಪಟ್ಟಿಯಲ್ಲಿ ಚಕ್ರದ ದಿನ, ಬಲ ಮತ್ತು ಎಡ ಅಂಡಾಶಯ, ಗರ್ಭಕೋಶದ ಒಳಪದರದ ದಪ್ಪ ಎಂಬ ಅಂಕಣಗಳಿರುತ್ತವೆ. ಮೊದಲ ಸಾಲುಗಳಲ್ಲಿ ಎಂಎಸ್‌ಎಫ್ ಎಂದು ಬರೆದಿದ್ದರೆ ಅದು ಹಲವು ಸಣ್ಣ ಕೋಶಿಕೆಗಳೆಂಬುದರ ಸಂಕ್ಷೇಪ. ಅವು ಗಡ್ಡೆಗಳಲ್ಲ, ಬೆಳೆಯುವ ದಾರಿಯಲ್ಲಿ ನಿಂತುಹೋದ ಕೋಶಿಕೆಗಳು. ಅಂಡೋತ್ಸರ್ಗವಾಗುವ ಚಕ್ರದಲ್ಲಿ ಕೋಶಿಕೆಯೊಂದು ಮುಂದೆ ಬಂದು ದಿನಕ್ಕೆ ಸುಮಾರು 2 ಮಿಲಿಮೀಟರಿನಂತೆ ಬೆಳೆದು, 18ರಿಂದ 24 ಮಿಲಿಮೀಟರಿನಷ್ಟಾಗಿ ಒಡೆಯುತ್ತದೆ. ಅಂಡೋತ್ಸರ್ಗವನ್ನು ಖಚಿತಪಡಿಸುವ ಪ್ರೊಜೆಸ್ಟೆರೋನ್ ರಕ್ತಪರೀಕ್ಷೆಯನ್ನು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ಮಾಡಬೇಕು. 45 ದಿನಗಳ ಚಕ್ರದವರಿಗೆ ವಾಡಿಕೆಯ 21ನೆಯ ದಿನವೇ ಅದನ್ನು ಮಾಡಿದರೆ, ಇನ್ನೂ ಆಗಬೇಕಿರುವ ಅಂಡೋತ್ಸರ್ಗವನ್ನು ಆಗಲೇ ಇಲ್ಲವೆಂದು ತಿಳಿಯುವ ಪ್ರಮಾದವಾಗುತ್ತದೆ.

ಚಿಕಿತ್ಸೆಯೊಂದಿಗೆ ಸಂಬಂಧ: ತೂಕ ಹೆಚ್ಚಿರುವವರಲ್ಲಿ ದೇಹತೂಕದ ಶೇ. 5ರಿಂದ 10ರಷ್ಟು ಇಳಿಕೆಯೂ ಅಂಡೋತ್ಸರ್ಗವನ್ನು ಮರಳಿಸಬಲ್ಲದು. ಆದರೆ ತೆಳುಮೈಯವರಲ್ಲೂ ಪಿಸಿಓಎಸ್ ಇರುತ್ತದೆ. ಅಂಡೋತ್ಸರ್ಗವನ್ನು ಪ್ರಚೋದಿಸಲು ಇಂದು ಮೊದಲ ಆಯ್ಕೆಯಾಗಿರುವ ಔಷಧಿ ಲೆಟ್ರೊಜೋಲ್. 750 ಮಹಿಳೆಯರನ್ನೊಳಗೊಂಡು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇ. 27.5, ಹಳೆಯ ಔಷಧಿ ಕ್ಲೊಮಿಫೀನ್ ಪಡೆದವರಲ್ಲಿ ಶೇ. 19.1 ಮಂದಿಗೆ ಜೀವಂತ ಶಿಶು ಜನನವಾಯಿತು. ಭಾರತದಲ್ಲಿ ಬಂಜೆತನದ ಚಿಕಿತ್ಸೆಗೆ ಲೆಟ್ರೊಜೋಲ್ ಬಳಕೆಯನ್ನು 2011ರಲ್ಲಿ ನಿಷೇಧಿಸಿ, 2017ರಲ್ಲಿ ನಿಷೇಧವನ್ನು ತೆರವುಗೊಳಿಸಲಾಯಿತು. ಇಂಥ ಔಷಧಿಯನ್ನು ವೈದ್ಯರ ನಿಗಾದಲ್ಲಷ್ಟೇ ಸೇವಿಸಬೇಕು.

ಸಾಮಾನ್ಯವಾಗಿ ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ವೈದ್ಯರನ್ನು ಕಾಣುವುದು ರೂಢಿಯಾದರೂ, ಮುಟ್ಟು ಅನಿಯಮಿತವಾಗಿರುವವರು ಅಷ್ಟು ಕಾಯಬೇಕಿಲ್ಲ; ಆಗ ಪತಿಯ ವೀರ್ಯಪರೀಕ್ಷೆಯೂ ಜೊತೆಯಲ್ಲೇ ನಡೆಯಬೇಕು. ಮನೆಯಲ್ಲಿ ಬರೆದಿಟ್ಟ ಮುಟ್ಟಿನ ದಿನಾಂಕ, ಉಷ್ಣತೆ ಮತ್ತು ಪಟ್ಟಿಯ ಫಲಿತಾಂಶಗಳು ಅಪೂರ್ಣವೆನಿಸಿದರೂ ವ್ಯರ್ಥವಲ್ಲ, ಏಕೆಂದರೆ ಸೋನೋಗ್ರಫಿಯನ್ನು ಯಾವ ದಿನ ಆರಂಭಿಸಬೇಕು, ರಕ್ತವನ್ನು ಯಾವ ದಿನ ಪರೀಕ್ಷಿಸಬೇಕು ಎಂಬುದನ್ನು ವೈದ್ಯರು ನಿರ್ಧರಿಸುವುದು ಆ ಬರಹದಿಂದಲೇ.