ರಾಜಕುಮಾರಿಯ ನಡುಪಟ್ಟಿ

ರಜೆಗೆ ಬಂದಿದ್ದ ಮೊಮ್ಮಗಳು ಒಂದು ದಪ್ಪ ಕಾದಂಬರಿಯನ್ನು ಬಿಟ್ಟುಹೋಗಿದ್ದಳು. ಸಮಂತಾ ಶಾನನ್ ಅವರ ‘ದಿ ಪ್ರಯೊರಿ ಆಫ್ ದಿ ಆರೆಂಜ್ ಟ್ರೀ’ (2019). ಎಂಟುನೂರು ಪುಟ! ಬೆಂಕಿಯುಗುಳುವ ಡ್ರ್ಯಾಗನ್‌ಗಳ ಕಥೆಯೆಂದು ಮೂಗು ಮುರಿದೇ ತೆರೆದೆ. ಆದರೆ ಮೂವತ್ತು ವರ್ಷ ಇತಿಹಾಸ ಬೋಧಿಸಿದವನಿಗೆ ಅಲ್ಲಿ ಹಳೆಯ ಪರಿಚಿತರೇ ಎದುರಾದರು.

ಮೊದಲನೆಯವನು ಸಂತ ಜಾರ್ಜ್. 13ನೆಯ ಶತಮಾನದಲ್ಲಿ ಇಟಲಿಯ ಪಾದ್ರಿಯೊಬ್ಬರು ಸಂಕಲಿಸಿದ ‘ಗೋಲ್ಡನ್ ಲೆಜೆಂಡ್’ ಎಂಬ ಸಂತಚರಿತೆಗಳಲ್ಲಿ ಅವನ ಕಥೆಯಿದೆ. ಲಿಬಿಯಾದ ಒಂದು ಪಟ್ಟಣ, ಡ್ರ್ಯಾಗನ್ನಿಗೆ ಆಹುತಿಯಾಗಬೇಕಾದ ರಾಜಕುಮಾರಿ, ಕುದುರೆಯೇರಿ ಬರುವ ವೀರ. ಜಾರ್ಜ್ ಅದನ್ನು ಈಟಿಯಿಂದ ಗಾಯಗೊಳಿಸುತ್ತಾನೆ. ರಾಜಕುಮಾರಿಯೋ ತನ್ನ ನಡುಪಟ್ಟಿಯನ್ನು ಅದರ ಕೊರಳಿಗೆ ಬಿಗಿದು, ಸಾಧುಪ್ರಾಣಿಯಂತೆ ಊರೊಳಕ್ಕೆ ನಡೆಸಿಕೊಂಡು ಬರುತ್ತಾಳೆ. ಊರವರು ಕ್ರೈಸ್ತರಾಗಲು ಒಪ್ಪಿದ ಮೇಲಷ್ಟೇ ವಧೆ. ಆ ನಡುಪಟ್ಟಿಯನ್ನು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿದ್ದಿಲ್ಲ. ಈಟಿಯನ್ನು ಮಾತ್ರ ಹೇಳಿದ್ದೆ.

ಶಾನನ್ ಹಿಡಿದದ್ದು ಅದೇ ಎಳೆಯನ್ನು. ಇನಿಸ್ ಎಂಬ ರಾಣಿಯರ ನಾಡು ಗೇಲಿಯನ್ ಎಂಬ ವೀರನನ್ನು ಸಂತನೆಂದು ಪೂಜಿಸುತ್ತದೆ. ದೂರದ ದಕ್ಷಿಣದಲ್ಲಿ, ಕಿತ್ತಳೆ ಮರದ ಆಶ್ರಮದ ಸ್ತ್ರೀಯರು ಬೇರೆಯದನ್ನೇ ನೆನಪಿಟ್ಟುಕೊಂಡಿದ್ದಾರೆ: ಆತ ಮತಾಂತರವನ್ನೂ ಮದುವೆಯನ್ನೂ ಷರತ್ತಾಗಿ ಮುಂದಿಟ್ಟ, ಖಡ್ಗ ಹಿಡಿದು ಶತ್ರುವನ್ನು ಹಿಮ್ಮೆಟ್ಟಿಸಿದವಳು ರಾಜಕುಮಾರಿ ಕ್ಲಿಯೊಲಿಂಡ್. ಗೆಲುವು ಅವಳದು, ಚರಿತ್ರೆ ಅವನದು.

ಇನ್ನು ರಾಣಿ ಸಾಬ್ರನ್. ಅವಳ ವಂಶ ಮುಂದುವರಿಯುವತನಕ ಆ ಮಹಾಶತ್ರು ಮರಳಲಾರನೆಂಬುದು ಪ್ರಜೆಗಳ ನಂಬಿಕೆ. ಆದ್ದರಿಂದ ಹೆಣ್ಣುಮಗುವನ್ನು ಹೆರುವುದೇ ಅವಳ ರಾಜಕಾರ್ಯ. ಓದುತ್ತಿದ್ದಂತೆ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ಕಣ್ಮುಂದೆ ಬಂದಳು. 1558ರಲ್ಲಿ ಪಟ್ಟವೇರಿದ ಮರುವರ್ಷವೇ ಸಂಸತ್ತು ಮದುವೆಯಾಗೆಂದು ಬಿನ್ನವಿಸಿತು. 1562ರಲ್ಲಿ ಸಿಡುಬಿನಿಂದ ಸಾವಿನಂಚಿಗೆ ಹೋಗಿಬಂದಳು. 1563ರಲ್ಲಿ ಮತ್ತೆ ಅದೇ ಒತ್ತಾಯ. 1603ರಲ್ಲಿ ಅವಿವಾಹಿತೆಯಾಗಿಯೇ ತೀರಿಕೊಂಡಳು. ‘ದೇಶವನ್ನೇ ವರಿಸಿದಳು’ ಎಂದು ನಾನು ಬರೆಸಿದ ಉತ್ತರಕ್ಕೆ ಮಕ್ಕಳು ಪೂರ್ಣಾಂಕ ಪಡೆಯುತ್ತಿದ್ದರು.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದಲ್ಲ. ಸಾವಿರ ವರ್ಷ ಕಾದ ಶತ್ರು ಕೊನೆಯ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತಾನೆ. ಆದರೆ ಗರ್ಭವನ್ನು ಕಳೆದುಕೊಂಡ ಸಾಬ್ರನ್, ಇನ್ನು ತನಗೆ ಮಕ್ಕಳಾಗದೆಂಬುದನ್ನು ಆಸ್ಥಾನದಿಂದ ಮರೆಮಾಚುವ ಪುಟಗಳಲ್ಲಿ ನಾನು ಪುಸ್ತಕ ಮಡಚಿಟ್ಟು ಕುಳಿತುಬಿಟ್ಟೆ. ನನ್ನ ಸೋದರತ್ತೆಗೆ ಮಕ್ಕಳಿರಲಿಲ್ಲ. ನೆರೆಮನೆಯಲ್ಲಿ ತೊಟ್ಟಿಲಶಾಸ್ತ್ರವೆಂದರೆ ಬೆಳಿಗ್ಗೆಯೇ ತೋಟಕ್ಕೆ ಹೊರಟುಬಿಡುತ್ತಿದ್ದರು, ಯಾರೂ ತಡೆಯುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದವರು ಅವರೇ. ನಮ್ಮ ಮನೆಯ ವಂಶವೃಕ್ಷವನ್ನು ನಾನೇ ಬರೆದು ಗೋಡೆಗೆ ತೂಗುಹಾಕಿದ್ದೇನೆ. ಅದರಲ್ಲಿ ಅವರ ಹೆಸರಿಲ್ಲ.