ಸಾಲಿನಲ್ಲಿ ನಿಲ್ಲಲಾರದವರು

ನಿರಾಶ್ರಿತರ ಚರಿತ್ರೆ ಬರೆಯುವವರು ಎಷ್ಟು ಜನ ಬಂದರು, ಎಷ್ಟು ಎಕರೆ ಕೊಟ್ಟರು ಅಂತ ಲೆಕ್ಕ ಇಡುತ್ತಾರೆ. ಕಾಲಿಲ್ಲದವನು ಆ ರೇಷನ್ ಸಾಲಿನಲ್ಲಿ ಎಲ್ಲಿ ನಿಂತಿದ್ದ, ನಿಲ್ಲಲು ಅವನಿಗೆ ಆಯಿತೇ, ಇದನ್ನು ಯಾರೂ ಬರೆಯುವುದಿಲ್ಲ. ನಾವು ಅಲ್ಲಿಂದಲೇ ಶುರು ಮಾಡಬೇಕು.

1959ರಲ್ಲಿ ಟಿಬೆಟ್ ಬಿಟ್ಟು ಬಂದವರಲ್ಲಿ ಬಹಳ ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಬಿದ್ದರು. 1960ರ ಕೊನೆಗೆ ಬೈಲುಕುಪ್ಪೆಗೆ ಮೊದಲ ತಂಡ ಬಂತು. ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲೂ ಶಿಬಿರವಾಯಿತು. ಕೊಟ್ಟಿದ್ದು ದೊಡ್ಡ ಮನಸ್ಸೇ, ಸುಳ್ಳಲ್ಲ. ಆದರೆ ಆ ನೆರವಿನ ಅಳತೆಗೋಲು ದುಡಿಯುವ ಮೈ. ಮರ ಕಡಿಯಬೇಕು, ಬೇರು ಕೀಳಬೇಕು, ಮುಸುಕಿನ ಜೋಳ ಬಿತ್ತಬೇಕು. ದುಡಿಯಲಾರದ ಮುದುಕರಿಗೆ, ಅಂಗವಿಕಲರಿಗೆ ಆಮೇಲೆ ಮುಂಡಗೋಡದಲ್ಲಿ ಬೇರೆಯೇ ಒಂದು ಧಾಮ ಬೇಕಾಯಿತು. ಮೊದಲು ನೆಲ, ಆಮೇಲೆ ಧಾಮ. ಈ ಸರದಿಯನ್ನು ಗಮನಿಸಿ.

1960ರ ದಶಕದ ಕೊನೆಗೆ ಕುಶಲಕರ್ಮಿ ರಾಮಚಂದ್ರ ಶರ್ಮ, ಡಾಕ್ಟರ್ ಪ್ರಮೋದ್ ಕರಣ್ ಸೇಠಿ ಸೇರಿ ಮಾಡಿದ ಜೈಪುರದ ರಬ್ಬರ್ ಕಾಲು ಬೇರೆ ದಾರಿ ತೋರಿಸಿತು. ವಿಲಾಯಿತಿ ಕಾಲು ಬೂಟಿಗೆ, ಕುರ್ಚಿಗೆ ಮಾಡಿದ್ದು. ಇದು ಚಕ್ಕಳಮಕ್ಕಳ ಹಾಕಿ ಕೂರುವವನಿಗೆ, ಕೆಸರಲ್ಲಿ ಬರಿಗಾಲಲ್ಲಿ ನಡೆಯುವವನಿಗೆ. ನೆಲಬಾಂಬಿಗೆ ಕಾಲು ಕಳಕೊಂಡ ಆಫ್ಘಾನಿಸ್ತಾನ, ಕಾಂಬೋಡಿಯಾದ ಜನಕ್ಕೂ ಅದು ಮುಟ್ಟಿತು. ಪಡೆಯುವವನ ಅಳತೆ ಹಿಡಿದಾಗಲೇ ನೆರವು ನೆರವಾಗುವುದು.

ಈಗ ಮಾರತ್ತಹಳ್ಳಿ ಕಡೆ ಬನ್ನಿ. ಗಾಜಿನ ಕಟ್ಟಡಗಳ ಹಿಂದೆ ತಗಡು, ಟಾರ್ಪಾಲಿನ ಜೋಪಡಿಗಳು. 2020ರ ಜನವರಿಯಲ್ಲಿ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳೆಂಬ ಗುಮಾನಿಯಲ್ಲಿ ಇಂಥ ಜೋಪಡಿಗಳನ್ನು ಕೆಡವಿದರು. ಅಲ್ಲಿ ಅಸ್ಸಾಮಿನವರಿದ್ದರು, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೆಡವಿದ ದಿನ ಎಲ್ಲರೂ ನಿರಾಶ್ರಿತರೇ. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಕೋರ್ಟು ತೆರವಿಗೆ ತಡೆ ಕೊಟ್ಟಿತು. ಯಂತ್ರ ಬಂದಾಗ ಓಡಬಲ್ಲವರು ಪಾತ್ರೆಪಡಗ ಎತ್ತಿಕೊಂಡು ಓಡುತ್ತಾರೆ. ಓಡಲಾರದವರು?

ಯುದ್ಧ, ವಿಕೋಪಗಳಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಸಿಗಬೇಕು ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 8ನೇ ಕಲಂ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಂಗವೈಕಲ್ಯದ ಕಾರ್ಡು ಬೇಕೆಂದರೆ ಮೊದಲು ಗುರುತಿನ ಚೀಟಿ ತಾ, ವಿಳಾಸ ತಾ ಅನ್ನುತ್ತಾರೆ. ಜೋಪಡಿಯೇ ಹೋದಮೇಲೆ ವಿಳಾಸ ಎಲ್ಲಿಂದ ತರೋದು?

ಊರಾಚೆ ನಿಲ್ಲಿಸಿಕೊಂಡವರ ಮಕ್ಕಳು ನಾವು. ಕಾಗದ ಕೇಳುವ ದೊರೆತನ ನಮಗೆ ಗೊತ್ತು. ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರ ಶೆಡ್ಡುಗಳಲ್ಲಿ ಯಾರು ಯಾರು ಇದ್ದಾರೆ, ಹೋಗಿ ಎಣಿಸಿ. ಎಣಿಕೆ ಸಾಲಿಗೆ ಬರಲಾಗದವರಿಂದಲೇ ಶುರುವಾಗಲಿ.